ಒವನ್‌ನಲ್ಲಿ ಹಂದಿ ರಿಬ್ಸ್: ನಾಲ್ಕನೇ ಸಲಕ್ಕೆ ಮೆತ್ತಗಾಯಿತು

ನಾವಿರುವುದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ, ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ. ಬಾಲ್ಕನಿಯಲ್ಲಿ ಗ್ರಿಲ್ ಇಡುವ ಹಾಗಿಲ್ಲ, ಕೆಂಡದ ಮಾತಂತೂ ಎತ್ತುವ ಹಾಗೇ ಇಲ್ಲ. ಊರು ಮಾತ್ರ ಬಾರ್ಬೆಕ್ಯೂ ಹುಚ್ಚಿನದು. ಊರಿನ ಹೆಸರಿನದೇ ಒಂದು ಕಟ್ ಇದೆ. ಹಂದಿಯ ಪಕ್ಕೆಲುಬಿನ, ಅಂದರೆ ರಿಬ್ಸ್‌ನ, ಪಟ್ಟಿಯಿಂದ ಎದೆ ಕಡೆಯ ಮೂಳೆ, ಮೆದು ಮೂಳೆ ಎಲ್ಲ ಕತ್ತರಿಸಿ ನೀಟಾಗಿ ಚೌಕ ಮಾಡಿದರೆ ಅದೇ ಸೇಂಟ್ ಲೂಯಿಸ್ ಕಟ್. ಸೋಮವಾರಪೇಟೆ ಕಡೆ ಹಂದಿ ಮಾಂಸ ತಿಂದು ಬೆಳೆದವನು ಇಂಥ ಊರಿಗೆ ಬಂದು ಸುಮ್ನೆ ಕೂರೋದಕ್ಕಾಗುತ್ತಾ? ನನಗೆ ಉಳಿದಿದ್ದು ಒವನ್ ಒಂದೇ.

ಮೊದಲ ಸಲ ಯಾರೋ ಹೇಳಿದರು ಅಂತ ರಿಬ್ಸನ್ನು ಮುಕ್ಕಾಲು ಗಂಟೆ ನೀರಲ್ಲಿ ಕುದಿಸಿ, ಆಮೇಲೆ ಸಾಸ್ ಹಚ್ಚಿ ಒವನ್‌ಗಿಟ್ಟೆ. ಮೆತ್ತಗೇನೋ ಆಯಿತು. ಆದರೆ ಸಾಸ್ ಬಿಟ್ಟರೆ ಬೇರೆ ರುಚಿಯೇ ಇಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ.

"ಕುದಿಸಿದ ನೀರು ಏನ್ ಮಾಡ್ದೆ ಮಗ?"

"ಚೆಲ್ಲಿದೆ."

"ಸಾರು ಚೆಲ್ಲಿ ಚಕ್ಕೆ ತಿಂದೆ ಅನ್ನು. ಹಂದಿಗೆ ಯಾರಾದ್ರೂ ಅಷ್ಟು ನೀರು ಹಾಕ್ತಾರಾ? ಅದು ಬಿಟ್ಟ ನೀರಲ್ಲೇ ಅದು ಬೇಯ್ಬೇಕು. ಮುಚ್ಚಳ ಹಾಕು, ಉರಿ ಸಣ್ಣ ಇಡು."

ಆಗ ಈ ಮಾತನ್ನು ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ. ಎರಡನೇ ಸಲ ವಿಜ್ಞಾನಿಯಾಗಲು ಹೊರಟೆ. ಥರ್ಮಾಮೀಟರ್ ತಂದೆ. ಹಂದಿಯ ಇಡೀ ತುಂಡು 145 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 63 ಸೆಲ್ಸಿಯಸ್ ಮುಟ್ಟಿ ಮೂರು ನಿಮಿಷ ಕೂತರೆ ತಿನ್ನಲು ಸುರಕ್ಷಿತ ಅಂತ ಇಲ್ಲಿನ ಕೃಷಿ ಇಲಾಖೆ ಹೇಳುತ್ತದೆ. ಅಷ್ಟಕ್ಕೇ ತೆಗೆದೆ. ಚಪ್ಪಲಿ ಜಗಿದ ಹಾಗಿತ್ತು! ಸುರಕ್ಷಿತ ಆಗುವುದು ಬೇರೆ, ಮೆತ್ತಗಾಗುವುದು ಬೇರೆ. ಪಕ್ಕೆಲುಬಿನ ಮಾಂಸದ ತುಂಬಾ ಕೊಲಾಜೆನ್ ಅನ್ನುವ ಗಟ್ಟಿ ನಾರು ಇರುತ್ತದೆ. ಅದು ಸುಮಾರು 70 ಸೆಲ್ಸಿಯಸ್ ದಾಟಿದ ಮೇಲೆ ನಿಧಾನಕ್ಕೆ ಕರಗಿ ಜೆಲಟಿನ್ ಆಗುತ್ತದೆ. ಕಾಲು ಸೂಪ್ ತಣ್ಣಗಾದಾಗ ಹೆಪ್ಪುಗಟ್ಟುತ್ತಲ್ಲ, ಅದೇ. ಮಾಂಸದ ಒಳಗಿನ ಬಿಸಿ 91ರಿಂದ 95 ಸೆಲ್ಸಿಯಸ್ ತನಕ ಏರಬೇಕು, ಅದೂ ಅವಸರವಿಲ್ಲದೆ.

ಮೂರನೇ ಸಲ ಎರಡು ತಪ್ಪು ಒಟ್ಟಿಗೆ. ನಾಲ್ಕೂವರೆ ಗಂಟೆ ಬಿಟ್ಟೆ, ಎತ್ತಿದರೆ ಮೂಳೆ ಕೈಯಲ್ಲಿ, ಮಾಂಸ ತಟ್ಟೆಯಲ್ಲಿ. ಜೊತೆಗೆ ಬಾಯಿಗಿಡಲಾಗದಷ್ಟು ಉಪ್ಪು. ಕವರ್ ಕಸದ ಡಬ್ಬಿಯಿಂದ ತೆಗೆದು ಓದಿದರೆ, ಮಾಂಸಕ್ಕೆ ಮೊದಲೇ ಉಪ್ಪುನೀರು ಚುಚ್ಚಿ ತುಂಬಿಸಿದ್ದಾರೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಇಲ್ಲಿ ಇದು ಮಾಮೂಲು. ಈಗ ಅಂಥದ್ದು ಸಿಕ್ಕರೆ ಮಸಾಲೆಗೆ ಉಪ್ಪನ್ನೇ ಹಾಕುವುದಿಲ್ಲ.

ಅಂದಹಾಗೆ ಮಾಂಸ ಮೂಳೆಯಿಂದ ತಾನೇ ಉದುರಿದರೆ ಅದೇ ದೊಡ್ಡ ಗೆಲುವು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಇಲ್ಲಿನ ಬಾರ್ಬೆಕ್ಯೂ ಸ್ಪರ್ಧೆಗಳಲ್ಲಿ ಅದು ಜಾಸ್ತಿ ಬೆಂದ ಲೆಕ್ಕ. ಕಚ್ಚಿದ ಜಾಗದಲ್ಲಿ ಹಲ್ಲಿನ ಗುರುತು ನಿಲ್ಲಬೇಕು, ಅಷ್ಟು ಮಾಂಸ ಮಾತ್ರ ಸಲೀಸಾಗಿ ಬಿಟ್ಟು ಬರಬೇಕು. ನನಗೂ ಅದೇ ಇಷ್ಟ.

ನಾಲ್ಕನೇ ಸಲ ಅಮ್ಮನ ಮುಚ್ಚಳ ನೆನಪಾಯಿತು. ಫಾಯಿಲ್ ಅಂದರೆ ಅದೇ ತಾನೇ. ಅವತ್ತಿನಿಂದ ಒಂದೇ ರೀತಿ ಮಾಡುತ್ತಿದ್ದೇನೆ.

ಒಂದು ಪಟ್ಟಿ ಸುಮಾರು 1.3 ಕಿಲೋ ತೂಗುತ್ತದೆ. ಮೊದಲ ಕೆಲಸ ಹಿಂಬದಿಯ ಪೊರೆ ಸುಲಿಯುವುದು. ಮೂಳೆ ಕಾಣುವ ಬದಿಯಲ್ಲಿ ತೆಳ್ಳಗೆ ಬೆಳ್ಳಗೆ ಹೊಳೆಯುವ ಪೊರೆ ಅಂಟಿಕೊಂಡಿರುತ್ತದೆ. ಎಷ್ಟು ಹೊತ್ತು ಬೇಯಿಸಿದರೂ ಅದು ಮೆತ್ತಗಾಗುವುದಿಲ್ಲ, ಮಸಾಲೆಯನ್ನೂ ಒಳಗೆ ಬಿಡುವುದಿಲ್ಲ. ಪಟ್ಟಿಯ ತುದಿಯ ಮೂಳೆಯ ಮೇಲೆ ಬೆಣ್ಣೆ ಹಚ್ಚುವ ಮೊಂಡು ಚಾಕುವಿನ ತುದಿಯನ್ನು ಪೊರೆಯ ಅಡಿಗೆ ತೂರಿಸಿ ಮೆಲ್ಲಗೆ ಎಬ್ಬಿಸುತ್ತೇನೆ. ಬೆರಳು ಹೋಗುವಷ್ಟು ಜಾಗವಾದರೆ ಸಾಕು. ಬರಿಗೈಯಲ್ಲಿ ಎಳೆದರೆ ಜಾರುತ್ತದೆ. ಪೇಪರ್ ಟವಲ್‌ನಲ್ಲಿ ಹಿಡಿದು ಒಂದೇ ಸಮನೆ ಎಳೆದರೆ, ಅದೃಷ್ಟ ಚೆನ್ನಾಗಿದ್ದ ದಿನ, ಈ ತುದಿಯಿಂದ ಆ ತುದಿಗೆ ಸರ್ರನೆ ಒಂದೇ ಹಾಳೆಯಾಗಿ ಬರುತ್ತದೆ. ಹರಿದರೆ ಇನ್ನೊಂದು ಮೂಳೆಯಿಂದ ಶುರು ಮಾಡುವುದು. ಈ ಕೆಲಸ ಮಾತ್ರ ನಾನು ಹೆಂಡತಿಗೂ ಬಿಡುವುದಿಲ್ಲ.

ಮಸಾಲೆಗೆ ಎರಡು ದೊಡ್ಡ ಚಮಚ ಕಂದು ಸಕ್ಕರೆ, ಒಂದು ದೊಡ್ಡ ಚಮಚ ಬ್ಯಾಡಗಿ ಮೆಣಸಿನಪುಡಿ, ಒಂದೂವರೆ ಟೀ ಚಮಚ ಉಪ್ಪು, ಒಂದೊಂದು ಟೀ ಚಮಚ ಕಾಳುಮೆಣಸು ಮತ್ತು ಬೆಳ್ಳುಳ್ಳಿ ಪುಡಿ, ಅರ್ಧ ಚಮಚ ಹುರಿದ ಜೀರಿಗೆ ಪುಡಿ. ಇಲ್ಲಿನವರು ಪ್ಯಾಪ್ರಿಕಾ ಹಾಕುತ್ತಾರೆ. ಅದು ಬಣ್ಣ ಜಾಸ್ತಿ, ಖಾರ ಕಮ್ಮಿ. ನಮ್ಮ ಬ್ಯಾಡಗಿಯದೂ ಅದೇ ಗುಣ ಅಲ್ವಾ! ಎರಡೂ ಬದಿಗೆ ಸವರಿ, ರಾತ್ರಿಯಿಡೀ ಮುಚ್ಚದೆ ಫ್ರಿಜ್‌ನಲ್ಲಿ ಇಡುತ್ತೇನೆ.

ಮರುದಿನ ಒವನ್ 275 ಫ್ಯಾರನ್‌ಹೀಟ್‌ಗೆ, ಅಂದರೆ 135 ಸೆಲ್ಸಿಯಸ್‌ಗೆ. ಪಟ್ಟಿಯನ್ನು ಮಾಂಸದ ಬದಿ ಮೇಲೆ ಬರುವಂತೆ ಇಟ್ಟು, ಎರಡು ಪದರ ಫಾಯಿಲ್‌ನಲ್ಲಿ ಸುತ್ತಿ, ಅಂಚನ್ನು ಒತ್ತಿ ಮಡಚುತ್ತೇನೆ. ಒಂದು ಹನಿ ನೀರೂ ಹಾಕುವುದಿಲ್ಲ. ಎರಡೂಕಾಲು ಗಂಟೆ ಒವನ್ ಬಾಗಿಲು ತೆಗೆಯುವುದೇ ಇಲ್ಲ.

ಆಮೇಲೆ ಫಾಯಿಲ್ ಬಿಚ್ಚುವಾಗ ಮುಖ ದೂರ ಇಟ್ಟುಕೊಳ್ಳಿ, ಹಬೆ ಜೋರಾಗಿ ನುಗ್ಗುತ್ತದೆ. ಒಳಗೆ ಮುಕ್ಕಾಲು ಲೋಟ ರಸ ನಿಂತಿರುತ್ತದೆ. ಅದನ್ನು ಚೆಲ್ಲುವ ಕಾಲ ಹೋಯಿತು. ಮೇಲೆ ತೇಲುವ ಕೊಬ್ಬು ತೆಗೆದು, ಉಳಿದದ್ದನ್ನು ಪಾತ್ರೆಯಲ್ಲಿ ಕುದಿಸಿ ಅರ್ಧಕ್ಕಿಳಿಸಿ ಸಾಸ್‌ಗೆ ಸೇರಿಸುತ್ತೇನೆ. ರಿಬ್ಸ್ ಅದೇ ಬಿಸಿಯಲ್ಲಿ ಮುಚ್ಚದೆ ಇನ್ನೂ ಮುಕ್ಕಾಲು ಗಂಟೆ. ಆಗ ಮೇಲ್ಮೈ ಒಣಗಿ ಬಣ್ಣ ಬರುತ್ತದೆ.

ಸಾಸ್ ಕಾನ್ಸಾಸ್ ಸಿಟಿ ಕಡೆಯದ್ದು, ಟೊಮ್ಯಾಟೊ ಮತ್ತು ಕಾಕಂಬಿಯ ದಪ್ಪ ಸಾಸ್. ನನ್ನದರಲ್ಲಿ ಒಂದು ಕಪ್ ಕೆಚಪ್, ಮೂರು ದೊಡ್ಡ ಚಮಚ ಜೋನಿ ಬೆಲ್ಲ, ಹುರಿದ ಈರುಳ್ಳಿ. ಅವರು ವಿನೆಗರ್ ಹಾಕುವ ಜಾಗದಲ್ಲಿ ಊರಿಂದ ತಂದ ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿರಸ, ಒಂದೇ ಟೀ ಚಮಚ. ಕೊಡಗಿನ ಹಂದಿ ಮಾಂಸದ ಅಡುಗೆ ಪಂದಿ ಕರಿಗೆ ಕಪ್ಪು ಬಣ್ಣ ಮತ್ತು ಹುಳಿ ಕೊಡುವುದು ಇದೇ, ಹಾಗಾಗಿ ಹಂದಿಗೆ ಹೊಂದುತ್ತಾ ಅನ್ನುವ ಪ್ರಶ್ನೆಯೇ ಇಲ್ಲ. ಹೊಗೆ ಪರಿಮಳ ಬೇಕಿದ್ದರೆ ಲಿಕ್ವಿಡ್ ಸ್ಮೋಕ್ ಸಿಗುತ್ತದೆ, ಸೌದೆ ಹೊಗೆಯನ್ನು ತಣಿಸಿ ನೀರಾಗಿಸಿದ್ದು. ಅದನ್ನು 1895ರಲ್ಲಿ ಬಾಟಲಿ ತುಂಬಿ ಮಾರಲು ಶುರು ಮಾಡಿದ್ದೂ ಕಾನ್ಸಾಸ್ ಸಿಟಿಯಲ್ಲೇ, ಅರ್ನೆಸ್ಟ್ ರೈಟ್ ಅನ್ನುವ ಔಷಧಿ ಅಂಗಡಿಯವರು. ನಾಲ್ಕು ಹನಿ ಸಾಕು. ಚಮಚಗಟ್ಟಲೆ ಹಾಕಿದರೆ ಮಳೆಗಾಲದ ಹಸಿ ಸೌದೆ ಒಲೆಯ ನೆನಪಾಗುತ್ತದೆ.

ಸಾಸ್ ಹಚ್ಚುವ ಮೊದಲು ಬೆಂದಿದೆಯಾ ನೋಡಬೇಕು. ಗಡಿಯಾರ ನಂಬಬೇಡಿ, ಒಂದೊಂದು ಪಟ್ಟಿ ಒಂದೊಂದು ತರ. ಮೂಳೆಗಳ ನಡುವೆ ಮಾಂಸ ತೆಳ್ಳಗಿರುವುದರಿಂದ ಥರ್ಮಾಮೀಟರ್ ಮೂಳೆಗೆ ತಾಗಿ ಸುಳ್ಳು ಹೇಳುವುದೂ ಉಂಟು. ಪಟ್ಟಿಯ ಒಂದು ತುದಿಯನ್ನು ಇಕ್ಕಳದಲ್ಲಿ ಮೂರನೇ ಒಂದು ಭಾಗ ಹಿಡಿದು ಎತ್ತುತ್ತೇನೆ. ಇನ್ನೊಂದು ತುದಿ ಚೆನ್ನಾಗಿ ಬಾಗಿ, ಬಾಗಿದ ಕಡೆ ಮೇಲ್ಮೈ ಬಿರುಕು ಬಿಟ್ಟರೆ ಆಯಿತು. ಹಲಗೆಯ ಹಾಗೆ ನಿಂತರೆ ಇನ್ನೂ ಇಪ್ಪತ್ತು ನಿಮಿಷ. ಕಡ್ಡಿ ಚುಚ್ಚಿದರೆ ಬೆಂದ ಗೆಣಸಿಗೆ ಹೋದ ಹಾಗೆ ಹೋಗಬೇಕು. ಮೂಳೆಯ ತುದಿಯೂ ಒಂದು ಸೆಂಟಿಮೀಟರ್‌ನಷ್ಟು ಆಚೆ ಕಾಣುತ್ತಿರುತ್ತದೆ.

ಸಾಸ್ ಕೊನೆಗೇ ಹಚ್ಚಬೇಕು, ಬೆಲ್ಲ ಬೇಗ ಸೀಯುತ್ತದೆ. ತೆಳ್ಳಗೆ ಎರಡು ಸಲ ಸವರಿ, ಒಂದೊಂದಕ್ಕೆ ಹತ್ತು ನಿಮಿಷ. ಆಮೇಲೆ ಬ್ರಾಯ್ಲರ್, ಅಂದರೆ ಒವನ್‌ನ ಮೇಲ್ಗಡೆಯ ಜೋರು ಉರಿ, ಎರಡೇ ನಿಮಿಷ, ಅದೂ ಕಣ್ಣು ಕೀಳದೆ ನೋಡುತ್ತಾ. ಒಮ್ಮೆ ಫೋನ್ ಎತ್ತಲು ಆಚೆ ಹೋಗಿ ಬರುವಷ್ಟರಲ್ಲಿ ಸ್ಮೋಕ್ ಅಲಾರಂ ಕೂಗಿ ಎದುರುಮನೆಯವರು ಬಾಗಿಲು ತಟ್ಟಿದ್ದರು. ಅವತ್ತು ಅವರಿಗೂ ನಾಲ್ಕು ರಿಬ್ಸ್ ಹೋಯಿತು. ಹೊರತೆಗೆದ ಮೇಲೆ ಹತ್ತು ನಿಮಿಷ ಆರಲು ಬಿಟ್ಟು, ಮೂಳೆಬದಿ ಮೇಲೆ ಮಾಡಿ ಕತ್ತರಿಸಿದರೆ ಚಾಕು ಎಲ್ಲಿ ಹೋಗಬೇಕು ಅಂತ ಕಾಣುತ್ತದೆ.

ಬೆಂಗಳೂರಿನಲ್ಲಿರುವ ತಂಗಿ ಇದನ್ನೇ ಓಟಿಜಿಯಲ್ಲಿ, ಅಂದರೆ ಮೇಜಿನ ಮೇಲಿಡುವ ಪುಟ್ಟ ಕರೆಂಟ್ ಒವನ್‌ನಲ್ಲಿ, ಮಾಡುತ್ತಾಳೆ. ಅಂಗಡಿಯಲ್ಲಿ ಮೊದಲೇ "ತುಂಡು ಮಾಡ್ಬೇಡಿ, ಪಟ್ಟಿ ಹಾಗೇ ಕೊಡಿ" ಅನ್ನಬೇಕಂತೆ. ಇಲ್ಲದಿದ್ದರೆ ಮಾತು ಮುಗಿಯುವಷ್ಟರಲ್ಲಿ ಕತ್ತಿ ಬಿದ್ದಿರುತ್ತದೆ. ಪಟ್ಟಿಯನ್ನು ಅರ್ಧ ಮಾಡಿ ಇಡುತ್ತಾಳೆ. ಓಟಿಜಿಯ ಮೇಲಿನ ರಾಡ್ ತೀರಾ ಹತ್ತಿರ, ಅದಕ್ಕೆ ತಟ್ಟೆಯನ್ನು ಕೆಳಗಿನ ಹಂತದಲ್ಲೇ ಇಡಬೇಕು.

ಉಳಿದರೆ, ಉಳಿಯುವುದು ಅಪರೂಪ, ಮರುದಿನ ಒಂದು ಚಮಚ ನೀರು ಚಿಮುಕಿಸಿ ಮತ್ತೆ ಫಾಯಿಲ್‌ನಲ್ಲಿ ಸುತ್ತಿ 120 ಸೆಲ್ಸಿಯಸ್‌ನಲ್ಲಿ ಚೆನ್ನಾಗಿ ಬಿಸಿಯಾಗುವವರೆಗೆ ಇಡುತ್ತೇನೆ. ಹೋದ ವರ್ಷ ಅಮ್ಮ ಬಂದಿದ್ದಾಗ ಅದಕ್ಕೂ ಕಾಯಲಿಲ್ಲ. ಮಾಂಸ ಬಿಡಿಸಿ, ಬಾಣಲೆಯಲ್ಲಿ ಕಾಳುಮೆಣಸು ಹಾಕಿ ಹುರಿದು, ಅಕ್ಕಿ ರೊಟ್ಟಿ ತಟ್ಟಿದರು. ಮೂಳೆಗಳನ್ನೂ ಬಿಡಲಿಲ್ಲ, ರಾತ್ರಿಗೆ ಸಾರು ಆಯಿತು.