ಜರ್ಮನಿಯ ಸಣ್ಣ ಊರಲ್ಲಿ 112 ಒತ್ತಿದರೆ ಬರುವವರು ಯಾರು?

ಬೆಂಕಿ ಬಿದ್ದರೆ ಠಾಣೆಯಿಂದ ಫೈರ್ ಇಂಜಿನ್ ಬರುತ್ತದೆ, ಅದರಲ್ಲಿ ಸರ್ಕಾರಿ ಸಿಬ್ಬಂದಿ ಇರುತ್ತಾರೆ. ಕರ್ನಾಟಕದಲ್ಲಿ ಬೆಳೆದ ನಮಗೆ ಗೊತ್ತಿರುವುದು ಇಷ್ಟೇ. ಜರ್ಮನಿಗೆ ಬಂದ ಮೇಲೂ ಹಾಗೇ ಅಂದುಕೊಂಡಿರುತ್ತೇವೆ. ಆದರೆ ಬಾಡಿಗೆ ಕಡಿಮೆ ಅಂತಲೋ, ಮಕ್ಕಳಿಗೆ ಆಡಲು ಜಾಗ ಇದೆ ಅಂತಲೋ ನೀವು ಮ್ಯೂನಿಕ್, ಸ್ಟುಟ್‌ಗಾರ್ಟ್ ಬಿಟ್ಟು ಸಣ್ಣ ಊರಲ್ಲಿ ಮನೆ ಮಾಡಿದ್ದರೆ ಲೆಕ್ಕ ಬೇರೆ. ಅಲ್ಲಿ ನಿಮ್ಮ ಮನೆಗೆ ಬರುವ ಕೆಂಪು ಗಾಡಿಯಲ್ಲಿ ಕೂತಿರುವವರು ಬಡಗಿ, ಟೀಚರ್, ರೈತ, ಬ್ಯಾಂಕಿನ ನೌಕರ. ಬಹುಶಃ ನಿಮ್ಮ ಎದುರು ಮನೆಯವರು. ಸಂಬಳವಿಲ್ಲ. ಬೆಂಕಿ ಆರಿಸಿ, ಸ್ನಾನ ಮಾಡಿ, ಮತ್ತೆ ಕೆಲಸಕ್ಕೆ ಹೋಗುತ್ತಾರೆ.

ಇವರ ದಳದ ಹೆಸರು ಫ್ರೈವಿಲ್ಲಿಗೆ ಫಾಯರ್‌ವೇರ್, ಅಂದರೆ ಸ್ವಯಂಸೇವಕರ ಅಗ್ನಿಶಾಮಕ ದಳ. ದೇಶದಲ್ಲಿ ಇಂಥ 20,000ಕ್ಕೂ ಹೆಚ್ಚು ದಳಗಳಿವೆ. ಸೇವೆಯಲ್ಲಿರುವವರು ಸುಮಾರು 10 ಲಕ್ಷ ಜನ. ಪೂರ್ತಿ ಸಂಬಳದ ದಳ ಇರುವುದು ನೂರಕ್ಕೆ ಸ್ವಲ್ಪ ಮೇಲ್ಪಟ್ಟ ನಗರಗಳಲ್ಲಿ ಮಾತ್ರ. ಅಲ್ಲೂ ಜೊತೆಗೆ ಸ್ವಯಂಸೇವಕರು ಇರುತ್ತಾರೆ. ಬರ್ಲಿನ್, ಮ್ಯೂನಿಕ್ ಕೂಡ ಹಾಗೇ.

ಇದು ಸುಮ್ನೆ ಒಂದು ಸಂಘ ಅಂದುಕೊಳ್ಳಬೇಡಿ. ಅಗ್ನಿಶಾಮಕ ದಳ ಇಟ್ಟುಕೊಳ್ಳುವುದು ಪ್ರತಿ ಗ್ರಾಮ, ಪಟ್ಟಣದ ಆಡಳಿತಕ್ಕೆ ಕಾನೂನು ಹಾಕಿರುವ ಕರ್ತವ್ಯ. ಗಾಡಿ, ಕಟ್ಟಡ, ಬಟ್ಟೆ ಎಲ್ಲದರ ಖರ್ಚು ಆಡಳಿತದ್ದು. ಜನ ಸ್ವಂತ ಇಷ್ಟದಿಂದ ಬರದೇ ಹೋದರೆ ಊರಿನವರನ್ನು ಕಡ್ಡಾಯವಾಗಿ ಸೇರಿಸಿಕೊಳ್ಳುವ ಅಧಿಕಾರವೂ ಅದಕ್ಕಿದೆ. ಉತ್ತರದ ಸಿಲ್ಟ್ ದ್ವೀಪದ ಲಿಸ್ಟ್ ಎಂಬ ಊರಲ್ಲಿ ಹೀಗೇ ಕಡ್ಡಾಯ ದಳ ಕಟ್ಟಬೇಕಾಯಿತು. ಅಗ್ನಿಶಾಮಕ ಕಾನೂನು ಒಂದೊಂದು ರಾಜ್ಯಕ್ಕೂ ಬೇರೆ. ನಾನಿರುವುದು ಬವೇರಿಯಾದಲ್ಲಿ, ಹಾಗಾಗಿ ಇಲ್ಲಿ ಬರುವ ವಯಸ್ಸು, ನಿಮಿಷಗಳ ಲೆಕ್ಕ ಬವೇರಿಯಾದ್ದು.

ಫೋನ್ ಬಂದ ಮೇಲೆ ಏನಾಗುತ್ತದೆ

ಬೆಂಕಿಗೂ ಆಂಬುಲೆನ್ಸ್‌ಗೂ ಒಂದೇ ನಂಬರ್, 112. ಪೊಲೀಸರಿಗೆ 110. ನೀವು 112 ಒತ್ತಿದಾಗ ಮಾತಾಡುವವರು ಇಡೀ ಜಿಲ್ಲೆಗೋ, ಎರಡು ಮೂರು ಜಿಲ್ಲೆಗೋ ಸೇರಿದ ಕಂಟ್ರೋಲ್ ರೂಮಿನವರು. ಮೊದಲು ಎಲ್ಲಿ ಅಂತ ಹೇಳಿ. ಬೀದಿ, ಮನೆ ನಂಬರ್, ಊರು, ಎಷ್ಟನೇ ಮಹಡಿ. ಆಮೇಲೆ ಏನಾಗಿದೆ, ಎಷ್ಟು ಜನ ಇದ್ದಾರೆ. ಅವರು ಸಾಕು ಅನ್ನುವ ತನಕ ಫೋನ್ ಇಡಬೇಡಿ. ಜರ್ಮನ್ ತಡವರಿಸಿದರೂ ಪರವಾಗಿಲ್ಲ. 'ಎಸ್ ಬ್ರೆಂಟ್' ಅಂದರೆ ಬೆಂಕಿ ಹೊತ್ತಿದೆ ಎಂದು. ಅಷ್ಟು ಹೇಳಿ ವಿಳಾಸ ಕೊಟ್ಟರೆ ಗಾಡಿ ಹೊರಡುತ್ತದೆ. ಇಂಗ್ಲಿಷ್ ಗೊತ್ತಿರುವವರು ಸಾಮಾನ್ಯವಾಗಿ ಅಲ್ಲಿರುತ್ತಾರೆ.

ಕಂಟ್ರೋಲ್ ರೂಮ್ ಒಂದು ಬಟನ್ ಒತ್ತಿದರೆ ಊರಿನ ಸ್ವಯಂಸೇವಕರ ಸೊಂಟದಲ್ಲಿರುವ ಪೇಜರ್‌ಗಳು ಕಿರುಚುತ್ತವೆ. ಎಷ್ಟೋ ಊರುಗಳಲ್ಲಿ ಜೊತೆಗೆ ಛಾವಣಿ ಮೇಲಿನ ಸೈರನ್ ಕೂಡ ಕೂಗುತ್ತದೆ. ರಾತ್ರಿ ಎರಡು ಗಂಟೆಗೆ ಸೈರನ್ ಕೇಳಿ ಗಾಬರಿಯಾದ ಹೊಸಬರು ತುಂಬಾ ಜನ. ಒಂದೇ ಸ್ವರ, ನಡುವೆ ಎರಡು ಸಲ ನಿಂತು ಮೂರು ಸಲ ಕೂಗಿದರೆ ಅದು ಸ್ವಯಂಸೇವಕರಿಗೆ ಕರೆ, ನಿಮಗಲ್ಲ. ಒಂದು ನಿಮಿಷ ಏರುತ್ತಾ ಇಳಿಯುತ್ತಾ ಕೂಗಿದರೆ ಅದು ಊರಿಗೆಲ್ಲ ಎಚ್ಚರಿಕೆ. ಆಗ ಒಳಗೆ ಹೋಗಿ ಕಿಟಕಿ ಮುಚ್ಚಿ ರೇಡಿಯೋ ಹಾಕಿ, ಇಲ್ಲವೇ ಸರ್ಕಾರದ ಎಚ್ಚರಿಕೆ ಆಪ್ ನೀನಾ ನೋಡಿ. ಸೆಪ್ಟೆಂಬರಿನ ಎರಡನೇ ಗುರುವಾರ ಬೆಳಿಗ್ಗೆ 11ಕ್ಕೆ ದೇಶಕ್ಕೆಲ್ಲ ಇದರ ಪರೀಕ್ಷೆ ನಡೆಯುತ್ತದೆ. ಅವತ್ತು ಮೊಬೈಲ್ ಕೂಡ ಜೋರಾಗಿ ಬಡಿದುಕೊಳ್ಳುತ್ತದೆ, ಹೆದರಬೇಡಿ.

ಪೇಜರ್ ಕೂಗಿದವರು ಕೈಲಿದ್ದ ಕೆಲಸ ಅಲ್ಲೇ ಬಿಟ್ಟು ಓಡುತ್ತಾರೆ. ಕಂಪನಿ ಅವರನ್ನು ಬಿಡಲೇಬೇಕು, ಆ ಹೊತ್ತಿನ ಸಂಬಳವನ್ನೂ ಹಿಡಿಯುವಂತಿಲ್ಲ. ಖಾಸಗಿ ಕಂಪನಿ ಕೇಳಿದರೆ ಆ ದುಡ್ಡನ್ನು ಊರಿನ ಆಡಳಿತ ತುಂಬಿಕೊಡುತ್ತದೆ. ಕರೆ ಬಂದು ಹತ್ತು ನಿಮಿಷದೊಳಗೆ ಮೊದಲ ಗಾಡಿ ಜಾಗಕ್ಕೆ ತಲುಪಬೇಕು ಅನ್ನುವುದು ಬವೇರಿಯಾದ ಗುರಿ. ಆ ಹತ್ತರಲ್ಲಿ ಮನೆಯಿಂದ ಠಾಣೆಗೆ ಓಡುವ ಹೊತ್ತೂ ಸೇರಿದೆ!

ಠಾಣೆಯ ಒಳಗೆ

ಠಾಣೆಯಲ್ಲಿ ಯಾರೂ ಕಾಯುತ್ತಾ ಕೂತಿರುವುದಿಲ್ಲ. ಗೋಡೆಯುದ್ದಕ್ಕೂ ಬಾಗಿಲಿಲ್ಲದ ಬೀರುಗಳು, ಒಂದೊಂದರ ಮೇಲೂ ಒಂದು ಹೆಸರು. ಪ್ಯಾಂಟಿನ ಕಾಲುಗಳನ್ನು ಬೂಟಿನ ಮೇಲೆ ಮಡಚಿ ನಿಲ್ಲಿಸಿರುತ್ತಾರೆ. ಬೂಟಿನೊಳಗೆ ಕಾಲಿಟ್ಟು ಪ್ಯಾಂಟ್ ಮೇಲಕ್ಕೆಳೆದರೆ ಅರ್ಧ ಕೆಲಸ ಮುಗಿಯಿತು. ಆಮೇಲೆ ದಪ್ಪ ಜಾಕೆಟ್, ಹೆಲ್ಮೆಟ್, ಕೈಗವಸು.

ಒಂದು ಪೂರ್ತಿ ತಂಡ ಅಂದರೆ ಒಂಬತ್ತು ಜನ. ಒಬ್ಬರು ನಾಯಕ, ಒಬ್ಬರು ಗಾಡಿ ಮತ್ತು ಪಂಪ್ ನೋಡಿಕೊಳ್ಳುವವರು, ಒಬ್ಬರು ಸುದ್ದಿ ಮುಟ್ಟಿಸುವವರು. ಉಳಿದ ಆರು ಜನ ಮೂರು ಜೋಡಿ. ಒಂದು ಜೋಡಿ ಬೆಂಕಿಯ ಕಡೆ, ಒಂದು ನೀರಿನ ಕಡೆ, ಒಂದು ಪೈಪಿನ ಕಡೆ. ಹೊಗೆಯೊಳಗೆ ಹೋದ ಜೋಡಿ ಯಾವತ್ತೂ ಬೇರೆಯಾಗುವುದಿಲ್ಲ. ಒಬ್ಬರಿಗೆ ತೊಂದರೆಯಾದರೆ ಇಬ್ಬರೂ ಹೊರಗೆ.

ಒಳಗೆ ನುಗ್ಗುವ ಆ ಇಬ್ಬರ ಸೀಟಿನ ಬೆನ್ನಿನಲ್ಲೇ ಉಸಿರಾಟದ ಸಾಧನ ಕೂರಿಸಿರುತ್ತಾರೆ. ಗಾಡಿ ಓಡುತ್ತಿರುವಾಗಲೇ ಅದರ ಪಟ್ಟಿ ಬಿಗಿದುಕೊಳ್ಳುತ್ತಾರೆ. ಸಿಲಿಂಡರಿನಲ್ಲಿ 300 ಬಾರ್ ಒತ್ತಡದ ಗಾಳಿ. ಮೆಟ್ಟಿಲು ಹತ್ತಿ, ನೀರು ತುಂಬಿದ ಪೈಪ್ ಎಳೆದು ಕೆಲಸ ಮಾಡುವವರಿಗೆ ಅದು ಅರ್ಧ ಗಂಟೆಯೂ ಬರುವುದು ಕಷ್ಟ. ಹೋಗಲು ಎಷ್ಟು ಗಾಳಿ ಖರ್ಚಾಯಿತೋ ಬರಲು ಅದರ ಎರಡರಷ್ಟು ಉಳಿಸಿಕೊಳ್ಳಬೇಕು ಅನ್ನುವುದು ನಿಯಮ. ಹೊರಗೆ ಒಬ್ಬರು ಹಲಗೆ ಹಿಡಿದು ನಿಂತಿರುತ್ತಾರೆ. ಒಳಗೆ ಹೋದವರ ಹೆಸರು, ಹೊತ್ತು, ಒತ್ತಡ ಬರೆದುಕೊಂಡು ವಾಕಿಟಾಕಿಯಲ್ಲಿ ಆಗಾಗ ಕೇಳುತ್ತಲೇ ಇರುತ್ತಾರೆ. ಒತ್ತಡ 55 ಬಾರ್ ಸುಮಾರಿಗೆ ಇಳಿದರೆ ಬೆನ್ನಿನ ಸಾಧನವೇ ಸೀಟಿ ಹೊಡೆಯುತ್ತದೆ. ಬಾಗಿಲ ಬಳಿ ಇನ್ನೊಂದು ಜೋಡಿ ಸಾಧನ ಕಟ್ಟಿಕೊಂಡು ಸಿದ್ಧವಾಗಿರುತ್ತದೆ. ಒಳಗಿದ್ದವರಿಗೆ ಏನಾದರೂ ಆದರೆ ಅವರನ್ನು ತರುವುದೊಂದೇ ಅವರ ಕೆಲಸ.

ಈ ಸಾಧನ ಹಾಕುವವರಿಗೆ ಹದಿನೆಂಟು ತುಂಬಿರಬೇಕು, ಡಾಕ್ಟರ ಪರೀಕ್ಷೆ ಪಾಸಾಗಿರಬೇಕು. ಗಡ್ಡ ಬಿಡುವಂತಿಲ್ಲ, ಮಾಸ್ಕ್ ಮುಖಕ್ಕೆ ಅಂಟಿ ಕೂರುವುದಿಲ್ಲ. ಪ್ರತಿ ವರ್ಷ ತರಬೇತಿ ಕೇಂದ್ರದ ಕತ್ತಲೆಯಲ್ಲಿ ತಂತಿ ಬಲೆಯ ಗೂಡುಗಳ ನಡುವೆ ಮಾಸ್ಕ್ ಹಾಕಿಕೊಂಡು ತೆವಳಬೇಕು. ಆ ವರ್ಷ ಅದನ್ನು ಮುಗಿಸದಿದ್ದರೆ ಸಾಧನ ಹಾಕುವಂತಿಲ್ಲ. ಸ್ವಯಂಸೇವಕರು ಅಂತ ಇಲ್ಲಿ ರಿಯಾಯಿತಿ ಇಲ್ಲ. ನನಗೆ ಇವರ ಮೇಲೆ ಗೌರವ ಬಂದದ್ದು ಮುಖ್ಯವಾಗಿ ಇದರಿಂದ.

ಗಾಡಿಯ ಎರಡೂ ಬದಿಯಲ್ಲಿ ಶಟರ್ ಬಾಗಿಲು. ಎಳೆದರೆ ಒಳಗೆ ಏಣಿ, ಮರ ಕೊಯ್ಯುವ ಯಂತ್ರ, ಜನರೇಟರ್, ಹೊಗೆಯಲ್ಲಿ ಬಿಸಿಯನ್ನು ತೋರಿಸುವ ಕ್ಯಾಮೆರಾ, ಅಪಘಾತವಾದ ಕಾರಿನ ಕಂಬ ಕತ್ತರಿಸುವ ಹೈಡ್ರಾಲಿಕ್ ಕತ್ತರಿ. ಇವರ ಕರೆಗಳಲ್ಲಿ ಬೆಂಕಿಗಿಂತ ಬೇರೆ ಕೆಲಸವೇ ಜಾಸ್ತಿ. ರಸ್ತೆಗೆ ಬಿದ್ದ ಮರ, ನೆಲಮಾಳಿಗೆಗೆ ನುಗ್ಗಿದ ನೀರು, ರಸ್ತೆಯುದ್ದಕ್ಕೂ ಸೋರಿದ ಎಣ್ಣೆ, ಬಾಗಿಲು ಹಾಕಿಕೊಂಡು ಒಳಗೆ ಬಿದ್ದಿರುವ ಅಜ್ಜಿ.

ಇಂಥ ಗಾಡಿಯ ಟ್ಯಾಂಕಿನಲ್ಲಿ ಸಾಮಾನ್ಯವಾಗಿ ಸುಮಾರು 2,000 ಲೀಟರ್ ನೀರು. ಪೂರ್ತಿ ಬಿಟ್ಟರೆ ಕೆಲವೇ ನಿಮಿಷಕ್ಕೆ ಖಾಲಿ. ಹಾಗಾಗಿ ಬಂದ ಕೂಡಲೇ ಹೈಡ್ರಂಟ್, ಅಂದರೆ ಊರಿನ ನೀರಿನ ಪೈಪಿನಿಂದ ನೀರು ತೆಗೆಯುವ ಜಾಗ ಹುಡುಕುತ್ತಾರೆ. ಇಲ್ಲಿ ಹೈಡ್ರಂಟುಗಳು ಹೆಚ್ಚಾಗಿ ನೆಲದೊಳಗೆ, ಮೊಟ್ಟೆಯಾಕಾರದ ಕಬ್ಬಿಣದ ಮುಚ್ಚಳದ ಕೆಳಗೆ. ಗೋಡೆ, ಕಂಬಗಳ ಮೇಲೆ ಕೆಂಪು ಅಂಚಿನ ಬಿಳಿ ಫಲಕ ನೋಡಿರುತ್ತೀರಿ. ಅದರಲ್ಲಿ 'ಎಚ್ 100' ಅಂತಿದ್ದರೆ ಕೆಳಗಿನ ನೀರಿನ ಪೈಪ್ 100 ಮಿಲಿಮೀಟರ್ ಅಗಲ. ಅದರ ಕೆಳಗಿನ ಅಂಕಿಗಳು ಫಲಕದಿಂದ ಎಷ್ಟು ಮೀಟರ್ ಮುಂದೆ, ಎಷ್ಟು ಮೀಟರ್ ಎಡಕ್ಕೋ ಬಲಕ್ಕೋ ಅಂತ ಹೇಳುತ್ತವೆ. ನಿಮ್ಮ ಮನೆ ಹತ್ತಿರದ ಮುಚ್ಚಳ ಎಲ್ಲಿದೆ ಅಂತ ಇವತ್ತೇ ನೋಡಿಕೊಳ್ಳಿ. ಅದರ ಮೇಲೆ ಕಾರು ನಿಲ್ಲಿಸಬೇಡಿ. ಚಳಿಗಾಲದಲ್ಲಿ ಮನೆ ಮುಂದಿನ ಹಿಮ ಎತ್ತುವಾಗ ಮುಚ್ಚಳದ ಮೇಲಿನ ಹಿಮವನ್ನೂ ತೆಗೆದುಬಿಡಿ.

ನಮ್ಮ ಮನೆಗಳ ವಿಷಯ

ಮೊದಲನೆಯದು ಚಪ್ಪಲಿ ಸ್ಟ್ಯಾಂಡ್. ಚಪ್ಪಲಿ ಬಾಗಿಲ ಹೊರಗೆ ಬಿಡುವುದು ನಮ್ಮ ಪದ್ಧತಿ. ಆದರೆ ಅಪಾರ್ಟ್‌ಮೆಂಟಿನ ಮೆಟ್ಟಿಲ ಜಾಗ ಇಲ್ಲಿ ತಪ್ಪಿಸಿಕೊಳ್ಳುವ ದಾರಿ. ಸ್ಟ್ಯಾಂಡು, ಹಳೇ ಪೇಪರ್, ರಟ್ಟಿನ ಡಬ್ಬ ಏನೂ ಇಡಬೇಡಿ. ಹೊಗೆಯಲ್ಲಿ ಅದಕ್ಕೆ ಎಡವುವವರು ಮೇಲಿನ ಮನೆಯ ಮಕ್ಕಳೂ ಇರಬಹುದು, ನಿಮ್ಮನ್ನು ಹುಡುಕಿ ಬಂದವರೂ ಇರಬಹುದು.

ಮೆಟ್ಟಿಲಲ್ಲಿ ಆಗಲೇ ಹೊಗೆ ತುಂಬಿದ್ದರೆ ಇಳಿಯಲು ಹೋಗಬೇಡಿ. ಇದನ್ನು ಮನೆಯವರಿಗೆಲ್ಲ ಹೇಳಿಡಿ, ಊರಿಂದ ಬಂದಿರುವ ಅಪ್ಪ ಅಮ್ಮನಿಗೂ. ಬಾಗಿಲು ಹಾಕಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, 112ಕ್ಕೆ ಹೇಳಿ, ಕಿಟಕಿ ಬಳಿ ನಿಂತು ಕಾಣಿಸಿಕೊಳ್ಳಿ. ಇಲ್ಲಿನ ಬಹಳ ಕಟ್ಟಡಗಳಲ್ಲಿ ಎರಡನೇ ದಾರಿ ಅಂದರೆ ಅಗ್ನಿಶಾಮಕ ದಳದ ಏಣಿಯೇ. ಕಿಟಕಿ ಸುಮಾರು ಎಂಟು ಮೀಟರ್ ಎತ್ತರದ ತನಕ ಇದ್ದರೆ ಕೈಯಲ್ಲಿ ಹೊರುವ ಏಣಿ ಸಾಕು. ಅದಕ್ಕಿಂತ ಮೇಲಿದ್ದರೆ ಲಾರಿ ಮೇಲಿನ ತಿರುಗುವ ಏಣಿ ಬರಬೇಕು, ಅದಕ್ಕೆ ಕಟ್ಟಡದ ಪಕ್ಕ ನಿಲ್ಲಲು ಜಾಗ ಬೇಕು. 'ಫಾಯರ್‌ವೇರ್‌ತ್ಸೂಫಾರ್ಟ್', ಅಂದರೆ ಅಗ್ನಿಶಾಮಕ ಗಾಡಿ ಬರುವ ದಾರಿ, ಎಂಬ ಫಲಕ ಇರುವ ಕಡೆ ಐದು ನಿಮಿಷಕ್ಕೂ ಕಾರು ನಿಲ್ಲಿಸಬಾರದು ಅನ್ನುವುದು ಇದಕ್ಕೇ.

ಮಲಗುವ ಕೋಣೆ, ಮಕ್ಕಳ ಕೋಣೆ, ಹೊರಗೆ ಹೋಗುವ ಓಣಿಯಲ್ಲಿ ಹೊಗೆ ಅಲಾರಂ ಕಡ್ಡಾಯ. ಒಣಮೆಣಸಿನಕಾಯಿ ಒಗ್ಗರಣೆಗೆ ಅದು ಕೂಗಿತು ಅಂತ ಬ್ಯಾಟರಿ ಕಿತ್ತಿಡಬೇಡಿ. ಅಡುಗೆಮನೆ ಬಾಗಿಲು ಹಾಕಿ, ಹೊರಗಿನ ಕಿಟಕಿ ತೆಗೆಯಿರಿ. ಕಿಟಕಿಯ ಬದಲು ಓಣಿಯ ಬಾಗಿಲು ತೆಗೆದರೆ ಹೊಗೆ ನೇರ ಅಲಾರಂ ಕಡೆಗೇ ಹೋಗುತ್ತದೆ. ಕೆಲವು ಹಾಸ್ಟೆಲ್, ಹೋಟೆಲ್‌ಗಳ ಅಲಾರಂ ಸೀದಾ ಕಂಟ್ರೋಲ್ ರೂಮಿಗೆ ಹೋಗುತ್ತದೆ. ಅಲ್ಲಿ ಇನ್ನೂ ಜಾಸ್ತಿ ಹುಷಾರಾಗಿರಿ. ಬಾಣಲೆಯ ಎಣ್ಣೆ ಹೊತ್ತಿಕೊಂಡರೆ ನೀರು ಹಾಕಲೇಬೇಡಿ. ಮುಚ್ಚಳ ಮುಚ್ಚಿ, ಒಲೆ ಆರಿಸಿ.

ದೀಪಾವಳಿಗೆ ಪಟಾಕಿ ಹೊಡೆಯುವಂತಿಲ್ಲ. ಪಟಾಕಿ, ರಾಕೆಟ್‌ಗೆ ಸಾಮಾನ್ಯ ಜನರಿಗೆ ಅನುಮತಿ ಇರುವುದು ಡಿಸೆಂಬರ್ 31 ಮತ್ತು ಜನವರಿ 1ರಂದು ಮಾತ್ರ. ಸುರುಸುರು ಬತ್ತಿಗೆ ತೊಂದರೆ ಇಲ್ಲ.

ದುಡ್ಡು ಕೇಳುತ್ತಾರೆ ಅಂತ ಫೋನ್ ಮಾಡಲು ಹಿಂಜರಿಯುವವರಿದ್ದಾರೆ. ಬೆಂಕಿ ಆರಿಸುವುದಕ್ಕೆ, ಜನರ ಜೀವ ಉಳಿಸುವುದಕ್ಕೆ ದಳ ಸಾಮಾನ್ಯವಾಗಿ ಬಿಲ್ ಹಾಕುವುದಿಲ್ಲ. ನಿಜವಾಗಿಯೂ ಬೆಂಕಿ ಅಂದುಕೊಂಡು ಕರೆದು, ಆಮೇಲೆ ಏನೂ ಇರಲಿಲ್ಲ ಅಂದರೂ ಭಯವಿಲ್ಲ. ಬೇಕಂತಲೇ ಸುಳ್ಳು ಕರೆ ಮಾಡುವುದು ಮಾತ್ರ ಅಪರಾಧ. ಆಂಬುಲೆನ್ಸ್ ವ್ಯವಸ್ಥೆ ಬೇರೆ, ಅದರ ಖರ್ಚು ಆರೋಗ್ಯ ವಿಮೆಯ ಲೆಕ್ಕಕ್ಕೆ ಹೋಗುತ್ತದೆ. ಜೀವಕ್ಕೆ ಅಪಾಯವಿಲ್ಲದ ಜ್ವರ, ಕಿವಿನೋವಿಗೆ ರಾತ್ರಿ ಹೊತ್ತು ಡಾಕ್ಟರ ಸಹಾಯಕ್ಕೆ 116117 ನಂಬರ್ ಇದೆ.

ಹೈವೇಯಲ್ಲಿ ಟ್ರಾಫಿಕ್ ನಿಧಾನವಾಗುತ್ತಿದ್ದ ಹಾಗೇ ಎಡ ಲೇನಿನವರು ಎಡ ಅಂಚಿಗೆ, ಉಳಿದವರೆಲ್ಲ ಬಲಕ್ಕೆ ಸರಿಯಬೇಕು. ಸೈರನ್ ಕೇಳುವ ತನಕ ಕಾಯುವಂತಿಲ್ಲ. ದಾರಿ ಬಿಡದಿದ್ದರೆ 200 ಯೂರೋ ದಂಡ, ಚಾಲಕರ ದಾಖಲೆಯಲ್ಲಿ ಎರಡು ತಪ್ಪಿನ ಪಾಯಿಂಟ್, ಒಂದು ತಿಂಗಳು ಡ್ರೈವಿಂಗ್ ಬಂದ್.

ರಸ್ತೆಯಲ್ಲಿ ನೀಲಿ ಲಾರಿಗಳು ಕಂಡರೆ ಅವು ಟೆಹಾವೇಯವು. ಇದು 1950ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ, ಅಲ್ಲೂ ಬಹುಪಾಲು ಸ್ವಯಂಸೇವಕರೇ. ಕುಸಿದ ಕಟ್ಟಡ, ನೆರೆ, ಕೊಚ್ಚಿಹೋದ ಸೇತುವೆ ಇವರ ಕೆಲಸ. 2021ರ ಜುಲೈನಲ್ಲಿ ಆರ್ ಕಣಿವೆಯ ನೆರೆಯಲ್ಲಿ 130ಕ್ಕೂ ಹೆಚ್ಚು ಜನ ಸತ್ತಾಗ ಕೆಂಪು, ನೀಲಿ ಎರಡೂ ಗಾಡಿಗಳು ತಿಂಗಳುಗಟ್ಟಲೆ ಅಲ್ಲೇ ಇದ್ದವು.

ನಾವು ಸೇರಬಹುದಾ?

ಸೇರಬಹುದು, ಸೇರಬೇಕು ಅನ್ನುವುದು ನನ್ನ ಆಸೆ. ಸಣ್ಣ ಊರುಗಳ ದಳಕ್ಕೆ ಇವತ್ತಿನ ದೊಡ್ಡ ತೊಂದರೆ ಹಗಲು ಹೊತ್ತು. ಸಂಜೆ ಎಲ್ಲರೂ ಊರಲ್ಲಿರುತ್ತಾರೆ. ಬೆಳಿಗ್ಗೆ ಎಂಟರಿಂದ ಐದರ ತನಕ ಅರ್ಧ ಜನ ಮೂವತ್ತು ಕಿಲೋಮೀಟರ್ ಆಚೆ ಕೆಲಸದಲ್ಲಿರುತ್ತಾರೆ. ಅದೇ ಹೊತ್ತಿಗೆ ಐಟಿ ಕೆಲಸದ ನಮ್ಮ ಎಷ್ಟೋ ಜನ ಮನೆಯಲ್ಲೇ ಲ್ಯಾಪ್‌ಟಾಪ್ ಮುಂದೆ ಕೂತಿರುತ್ತೇವೆ, ಠಾಣೆಯಿಂದ ಎರಡು ಬೀದಿ ದೂರದಲ್ಲಿ. ಇಷ್ಟು ಸರಿಯಾಗಿ ಹೊಂದುವ ಸಹಾಯ ನಾವು ಈ ಊರಿಗೆ ಬೇರೆ ಯಾವ ರೀತಿ ಮಾಡಬಹುದು, ಹೇಳಿ.

ಜರ್ಮನ್ ಪೌರತ್ವ ಬೇಕಿಲ್ಲ. ಬವೇರಿಯಾದಲ್ಲಿ ಹದಿನೆಂಟರಿಂದ ಅರವತ್ತು ದಾಟುವ ತನಕ ಸೇವೆ ಮಾಡಬಹುದು, ಮಕ್ಕಳು ಹನ್ನೆರಡಕ್ಕೆ ಯುವದಳ ಸೇರಬಹುದು. ಗದ್ದಲದಲ್ಲಿ ಕೂಗಿ ಹೇಳಿದ್ದು ತಿಳಿಯುವಷ್ಟು ಜರ್ಮನ್ ಬೇಕು, ವ್ಯಾಕರಣ ಯಾರೂ ನೋಡುವುದಿಲ್ಲ. ಮೊದಲ ತರಬೇತಿ ಹೆಚ್ಚಾಗಿ ಸಂಜೆ ಮತ್ತು ಶನಿವಾರಗಳಲ್ಲಿ. ಬಟ್ಟೆ, ತರಬೇತಿ ಎಲ್ಲ ಊರಿನ ಖರ್ಚು. ಕೆಲಸದಲ್ಲಿ ಗಾಯವಾದರೆ ಸರ್ಕಾರಿ ಅಪಘಾತ ವಿಮೆ ಇದೆ. ಹೊಗೆಯೊಳಗೆ ಹೋಗಲು ಆಗುವುದಿಲ್ಲ ಅಂದರೆ ಪಂಪ್, ವಾಕಿಟಾಕಿ, ಟ್ರಾಫಿಕ್ ನಿಲ್ಲಿಸುವ ಕೆಲಸಕ್ಕೂ ಜನ ಬೇಕು. ಮೊದಲೇ ನಿಮ್ಮ ಮ್ಯಾನೇಜರ್ ಹತ್ತಿರ ಮಾತಾಡಿಡಿ, ಮೀಟಿಂಗ್ ನಡುವೆ ಎದ್ದು ಓಡುವಾಗ ಅವರಿಗೆ ವಿಷಯ ಗೊತ್ತಿರಲಿ.

ಕಸರತ್ತಿನ ದಿನ ಯಾವುದು ಅಂತ ಠಾಣೆಯ ಫಲಕದಲ್ಲೋ, ಊರಿನ ಪತ್ರಿಕೆಯಲ್ಲೋ ಸಿಗುತ್ತದೆ. ಆ ಸಂಜೆ ಹೋಗಿ ಕಮಾಂಡೆಂಟ್ ಯಾರು ಅಂತ ಕೇಳಿ, ಹಗಲು ಮನೆಯಲ್ಲೇ ಇರುತ್ತೇನೆ ಅಂತ ಮೊದಲೇ ಹೇಳಿ. ಸೇವೆ ಮಾಡಲು ಸಾಧ್ಯವೇ ಇಲ್ಲದವರು ದಳದ ಸಂಘಕ್ಕೆ ಬೆಂಬಲ ಸದಸ್ಯರಾಗಬಹುದು. ವರ್ಷಕ್ಕೊಮ್ಮೆ ಸಣ್ಣ ಮೊತ್ತ, ಅರ್ಜಿ ಒಂದೇ ಪುಟ. ಅದನ್ನು ಅವತ್ತೇ ಅಲ್ಲೇ ತುಂಬಿಕೊಡಬಹುದು.