ಕಳ್ಳ ಬಾರದೆಯೂ ಕೂಗುವ ಅಲಾರಂ: ದೋಷ ಹುಡುಕುವ ಬಗೆ

ಅಂಗಡಿಯ ಅಲಾರಂ ಸುಮ್ಮಸುಮ್ಮನೆ ಕೂಗತೊಡಗಿದರೆ ಮಾಲೀಕರು ಮೊದಲು ಸೈರನ್ನಿನ ವೈರ್ ಕೀಳುತ್ತಾರೆ, ಆಮೇಲೆ ಮೊಬೈಲ್ ಟವರನ್ನು ಬೈಯುತ್ತಾರೆ. ಎರಡರಿಂದಲೂ ಪ್ರಯೋಜನವಿಲ್ಲ. ರೇಡಿಯೊ ಅಡಚಣೆ ಎಂದು ಶುರುವಾದ ಎಷ್ಟೋ ದೂರುಗಳು ಧೂಳು, ಬಿಸಿಲು, ಇಲ್ಲವೇ ಸತ್ತ ಬ್ಯಾಟರಿಗೆ ಬಂದು ನಿಲ್ಲುತ್ತವೆ. ಹಾಗಾಗಿ ರೇಡಿಯೊ ತಂಟೆಗೆ ಹೋಗುವುದು ಕೊನೆಗೆ ಇರಲಿ.

ಮೊದಲು ಒಂದು ವಾರ ಬರೆದಿಡಿ: ಕೂಗಿದ ಹೊತ್ತು, ಪ್ಯಾನೆಲ್ (ಅಲಾರಂನ ಮುಖ್ಯ ಪೆಟ್ಟಿಗೆ) ತೋರಿಸಿದ ಜೋನ್, ಅಂದರೆ ಯಾವ ಸೆನ್ಸರಿನ ಜಾಗ, ಆಗ ಕರೆಂಟ್ ಇತ್ತೇ, ಗಾಳಿ ಇತ್ತೇ. ಒಂದೇ ಜೋನ್ ಪದೇ ಪದೇ ಬಂದರೆ ತಪ್ಪು ಆ ಸೆನ್ಸರಿನದ್ದು ಅಥವಾ ಅದನ್ನು ಕೂರಿಸಿದ ಜಾಗದ್ದು. ಕರೆಂಟ್ ಹೋಗಿ ಬಂದಾಗಲೆಲ್ಲ ಕೂಗಿದರೆ ಬ್ಯಾಟರಿಯ ಕಡೆ ನೋಡಿ. ಗೊತ್ತುಗುರಿಯಿಲ್ಲದೆ ಜೋನ್ ಬದಲಾಗುತ್ತಿದ್ದರೆ, ಅಥವಾ ಸೆನ್ಸರಿನ ಸಂಪರ್ಕ ತಪ್ಪಿದೆ ಎಂದು ಪ್ಯಾನೆಲ್ ತೋರಿಸುತ್ತಿದ್ದರೆ ಮಾತ್ರ ರೇಡಿಯೊವನ್ನು ಶಂಕಿಸಬಹುದು.

ಚಲನೆ ಪತ್ತೆ ಹಚ್ಚುವ ಪಿಐಆರ್ ಸೆನ್ಸರ್ ಗುರುತಿಸುವುದು ಮನುಷ್ಯನನ್ನಲ್ಲ. ಗೋಡೆಯ ಶಾಖಕ್ಕೂ ಅದರ ಮುಂದೆ ಹಾದುಹೋಗುವುದರ ಶಾಖಕ್ಕೂ ಇರುವ ವ್ಯತ್ಯಾಸವನ್ನು. ರಾಯಚೂರಿನ ಮೇ ತಿಂಗಳಲ್ಲಿ ತಾಪಮಾನ 40 ಡಿಗ್ರಿ ಮುಟ್ಟಿತೆಂದರೆ ತಗಡಿನ ಗೋದಾಮಿನ ಗೋಡೆಯೂ ಮನುಷ್ಯನ ಮೈಯೂ ಹೆಚ್ಚುಕಡಿಮೆ ಒಂದೇ ಬಿಸಿ. ಆಗ ಸೆನ್ಸರ್ ಮಂಕಾಗುತ್ತದೆ. ನೋಡಲು ಬಂದ ಮೆಕ್ಯಾನಿಕ್ ಅದರ ಸೂಕ್ಷ್ಮತೆಯನ್ನು ಏರಿಸಿ ಹೋಗುತ್ತಾನೆ; ಇಳಿಸುವುದು ಯಾರಿಗೂ ನೆನಪಿರುವುದಿಲ್ಲ. ಡಿಸೆಂಬರಿನ ತಂಪು ರಾತ್ರಿಯಲ್ಲಿ ಅದೇ ಸೆನ್ಸರಿಗೆ ಹೆಗ್ಗಣವೂ ಆನೆಯಷ್ಟು ದೊಡ್ಡದು. ಮುಚ್ಚಳ ತೆಗೆದರೆ ಹಲವು ಸೆನ್ಸರುಗಳ ಒಳಗೆ ಪಲ್ಸ್ ಎಣಿಕೆಯ, ಅಂದರೆ ಎಷ್ಟು ಬಾರಿ ಅಲುಗಾಟ ಕಂಡರೆ ಕೂಗಬೇಕೆಂದು ಹೇಳುವ, ಪುಟ್ಟ ಜಂಪರ್ (ಕಿತ್ತು ಹಾಕುವ ಬೆಣೆ) ಇರುತ್ತದೆ. ಅದನ್ನು ಒಂದರಿಂದ ಎರಡಕ್ಕೋ ಮೂರಕ್ಕೋ ಬದಲಿಸಿದರೆ ಒಂದೇ ಬಾರಿಯ ಅಲುಗಾಟಕ್ಕೆ ಸೈರನ್ ಕೂಗುವುದಿಲ್ಲ.

ಜೊತೆಗೆ ಲೆನ್ಸ್ ಒರೆಸಿ. ಗಂಜ್‌ನ (ಕೃಷಿ ಮಾರುಕಟ್ಟೆಯ) ಹತ್ತಿ ಅಂಗಡಿಗಳಲ್ಲಿ ಸುಗ್ಗಿಯ ಕಾಲಕ್ಕೆ ಅದರ ಮೇಲೆ ಹತ್ತಿಯ ಎಳೆ ಕೂರುತ್ತದೆ, ಜೇಡ ಬಲೆ ಹೆಣೆಯುತ್ತದೆ, ಹುಳುವಿನ ಆಸೆಗೆ ಹಲ್ಲಿ ಬರುತ್ತದೆ. ಲೆನ್ಸಿಗೆ ಅಂಟಿಕೊಂಡೇ ಓಡಾಡುವ ಹಲ್ಲಿ ದೂರದಲ್ಲಿ ನಡೆಯುವ ಆಳಿಗಿಂತ ದೊಡ್ಡ ಗದ್ದಲ ಎಬ್ಬಿಸಬಲ್ಲದು. ಸೆನ್ಸರಿನ ಮುಖ ಕೂಲರ್, ಕಿಟಕಿ, ಶಟರಿನ ಸಂದು ಇವುಗಳ ಕಡೆಗೆ ಇರಬಾರದು. ಇನ್ನು ಶಟರ್ ತೆರೆದದ್ದನ್ನು ಗುರುತಿಸುವ ಮ್ಯಾಗ್ನೆಟ್ ಸೆನ್ಸರ್. ಮನೆಬಾಗಿಲಿಗೆ ಹಾಕುವ ಚಿಕ್ಕದು ಕಬ್ಬಿಣದ ಶಟರಿಗೆ ನಡೆಯುವುದಿಲ್ಲ, ಗಾಳಿಗೆ ಶಟರ್ ಅದುರಿದರೂ ಸಂಪರ್ಕ ಕಡಿಯುತ್ತದೆ. ಶಟರಿಗೆಂದೇ ಬರುವ ದಪ್ಪನೆಯದನ್ನು ಕೇಳಿ ತನ್ನಿ.

ಪ್ಯಾನೆಲ್ಲಿನ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟಿನದು. ಕರೆಂಟ್ ಇರುವಾಗ ಮಲ್ಟಿಮೀಟರ್ ಸುಮಾರು 13.6 ತೋರಿಸಬೇಕು. ನಂತರ ಮೇನ್ ಆರಿಸಿ, ಸೈರನ್ ಕೂಗಿಸಿ ಮತ್ತೆ ಅಳೆಯಿರಿ. 11ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಬದಲಿಸಿ. 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಸೀಲ್ ಮಾಡಿದ ಲೆಡ್ ಬ್ಯಾಟರಿಯ ಆಯುಸ್ಸು ಸುಮಾರು ಅರ್ಧಕ್ಕಿಳಿಯುತ್ತದೆ. ಡಬ್ಬಿಯ ಮೇಲಿನ ಬಾಳಿಕೆಯ ಲೆಕ್ಕ ನಮ್ಮ ಸೀಮೆಗೆ ಹೊಂದುವುದಿಲ್ಲ.

ಈಗ ರೇಡಿಯೊ. ಅಗ್ಗದ ವೈರ್‌ಲೆಸ್ ಸೆಟ್‌ಗಳಲ್ಲಿ ಬಹಳಷ್ಟು ಮಾತಾಡುವುದು 433.92 ಮೆಗಾಹರ್ಟ್ಸ್‌ನಲ್ಲಿ. ಪಕ್ಕದ ಮನೆಯ ವೈರ್‌ಲೆಸ್ ಕರೆಗಂಟೆ, ಗೇಟಿನ ರಿಮೋಟ್, ಕೆಲವು ಕಾರುಗಳ ಕೀಲಿ ಎಲ್ಲವೂ ಅಲ್ಲೇ. ಮೇಜಿನ ಡ್ರಾದಲ್ಲಿ ಗುಂಡಿ ಒತ್ತಿಹೋದ ಒಂದು ರಿಮೋಟ್ ಇಡೀ ಅಲೆಯನ್ನು ಆಕ್ರಮಿಸಿಕೊಳ್ಳಬಲ್ಲದು. ಟವರುಗಳ ಅಲೆಗಳು ಬೇರೆ. ಅವುಗಳಿಗಿಂತ, ಮಾಲೀಕರಿಗೆ ಕರೆ ಮಾಡಲು ಪ್ಯಾನೆಲ್ಲಿನೊಳಗೇ ಇರುವ ಸಿಮ್ ಹೆಚ್ಚು ಕಾಡುತ್ತದೆ. ಕರೆ ಹೋಗುವ ಕ್ಷಣದಲ್ಲೇ ಇನ್ನೊಂದು ಜೋನ್ ಕೂಗಿದರೆ ಸಿಮ್ಮಿನ ಆಂಟೆನಾವನ್ನು ಒಂದು ಮೀಟರ್ ದೂರ ಸರಿಸಿ. ಅಲಾರಂನ ಸ್ವಂತ ಆಂಟೆನಾ ತಂತಿಯಾದರೆ ಸುಮಾರು 17 ಸೆಂಟಿಮೀಟರ್ ಇರುತ್ತದೆ, ಅಂದರೆ ಆ ಅಲೆಯ ಉದ್ದದ ಕಾಲುಭಾಗ. ಅಂದ ಕಾಣಲಿ ಎಂದು ಅದನ್ನು ಸುತ್ತಿ ಕಬ್ಬಿಣದ ಪೆಟ್ಟಿಗೆಯೊಳಗೆ ತುರುಕಿದವರಿದ್ದಾರೆ. ಹೊರಗೆಳೆದು ನೆಟ್ಟಗೆ ಬಿಡಿ. ಪ್ಯಾನೆಲ್ ತಿಜೋರಿಗೆ ಒತ್ತಿಕೊಂಡಿರಬಾರದು.

ಗದ್ದಲದ ಮೂಲ ಹಿಡಿಯಲು ಸೆಲ್ ಹಾಕಿದ ಹಳೆಯ ಟ್ರಾನ್ಸಿಸ್ಟರ್ ಸಾಕು. ಮೀಡಿಯಂ ವೇವ್‌ನಲ್ಲಿ ಯಾವ ನಿಲಯವೂ ಸಿಗದ ಕಡೆ ಮುಳ್ಳು ನಿಲ್ಲಿಸಿ, ಎಲ್‌ಇಡಿ ಬಲ್ಬ್, ಚಾರ್ಜರ್, ಇನ್‌ವರ್ಟರ್‌ಗಳ ಹತ್ತಿರ ಹಿಡಿಯಿರಿ. ಕರಕರ ಸದ್ದು ಏರಿದ ಕಡೆ ಆ ಉಪಕರಣವನ್ನು ಆರಿಸಿ ಕೇಳಿ. ಸದ್ದು ನಿಂತರೆ ಸಂಶಯ ಅದರ ಮೇಲೆಯೇ. ಇದು 433ರ ಗದ್ದಲವನ್ನು ನೇರವಾಗಿ ತೋರಿಸುವುದಿಲ್ಲ, ಆದರೆ ವೈರುಗಳ ಮೂಲಕ ಪ್ಯಾನೆಲ್ಲಿಗೆ ನುಗ್ಗುವ ಕೊಳಕನ್ನು ಚೆನ್ನಾಗಿ ಹಿಡಿಯುತ್ತದೆ. ಬಲ್ಬ್ ಬದಲಿಸಿ, ಪ್ಯಾನೆಲ್ಲಿನ ವೈರಿಗೆ ಈ ಗದ್ದಲ ತಡೆಯುವ ಫೆರೈಟ್ ಉಂಗುರ ತೊಡಿಸಿ, ಅರ್ಥಿಂಗ್ ಪರೀಕ್ಷಿಸಿ.

ಹೊಸ ಸೆಟ್ ಕೊಳ್ಳುವುದಾದರೆ 865ರಿಂದ 867 ಮೆಗಾಹರ್ಟ್ಸ್‌ನದ್ದು ವಾಸಿ. ಭಾರತದಲ್ಲಿ ಆ ಅಲೆಪಟ್ಟಿಗೆ ಪರವಾನಗಿ ಬೇಡ, ಕರೆಗಂಟೆಗಳ ಗದ್ದಲವೂ ಕಡಿಮೆ. ವಿದೇಶದಿಂದ ತರಿಸುವ 915ರದ್ದು ಬೇಡ, ಇಲ್ಲಿ ಅದಕ್ಕೆ ಅಂಥ ವಿನಾಯಿತಿ ಇಲ್ಲ. ಅನುಮತಿಯಿಲ್ಲದ ಮೊಬೈಲ್ ಸಿಗ್ನಲ್ ಬೂಸ್ಟರನ್ನು ಅಂಗಡಿಗೆ ಹಾಕಿಕೊಂಡಿದ್ದರೆ ಇಂದೇ ಕಳಚಿ, ಅದು ಕಾನೂನಿಗೂ ವಿರುದ್ಧ.

ಒಂದೊಂದು ದುರಸ್ತಿಯ ನಂತರವೂ ಪ್ಯಾನೆಲ್ಲನ್ನು ಪರೀಕ್ಷೆಯ ಸ್ಥಿತಿಗೆ ತಂದು, ಕಳ್ಳ ಬರಬಹುದಾದ ದಾರಿಯಲ್ಲಿ ನೀವೇ ನಡೆದು ನೋಡಿ. ಒಂದೇ ರಾತ್ರಿ ಎರಡು ಬದಲಾವಣೆ ಮಾಡಬೇಡಿ. ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.