ಚೆಸ್‌ನಲ್ಲಿ ಮೊದಲ ಹತ್ತು ನಡೆಯ ತಪ್ಪು ಹುಡುಕುವುದು ಹೇಗೆ?

ಬೇಸಿಗೆ ರಜೆಯಲ್ಲಿ ಬಿಸಿಲು ಇಳಿದ ಮೇಲೆ ಕಲಬುರಗಿಯ ಶರಣಬಸವೇಶ್ವರ ಗುಡಿ ಕಡೆಯ ನಮ್ಮ ಓಣಿಯ ಕಟ್ಟೆ ತುಂಬ ಚೆಸ್ ಬೋರ್ಡುಗಳು. ಹೊಸದಾಗಿ ಕಲಿತ ಮಕ್ಕಳು ಹತ್ತು ನಡೆಯೊಳಗೇ ಸೋಲುತ್ತಾರೆ, ತಕ್ಷಣ ಕಾಯಿ ಕೂಡಿಸಿ ಮತ್ತೊಂದು ಆಟ ಹೂಡುತ್ತಾರೆ. ಹಾಗೆ ನೂರು ಆಟ ಆಡಿದರೂ ಅದೇ ತಪ್ಪು ಉಳಿಯುತ್ತದೆ.

ಮೊದಲು, ನಡೆಗಳನ್ನು ಬರೆದಿಡಿ. ಅಂಚಿನಲ್ಲಿ ಎಯಿಂದ ಎಚ್, 1ರಿಂದ 8 ಎಂದು ಅಚ್ಚಾದ ಬೋರ್ಡನ್ನೇ ಕೊಳ್ಳಿ. ಇ ಸಾಲಿನ ನಾಲ್ಕನೇ ಮನೆಯನ್ನು ಇ4 ಎಂದು ಬರೆಯಿರಿ. ಜಾತ್ರೆಯಲ್ಲಿ ಸಿಗುವ ಆಯಸ್ಕಾಂತದ ಪುಟ್ಟ ಬೋರ್ಡು ಬೇಡವೇ ಬೇಡ. ಅದರಲ್ಲಿ ಒಂಟೆ (ಬಿಷಪ್) ಯಾವುದು, ಪ್ಯಾದೆ (ಪಾನ್) ಯಾವುದು ತಿಳಿಯುವುದಿಲ್ಲ.

ಎರಡನೆಯದು ತಪ್ಪನ್ನು ಹುಡುಕುವುದು. ಎಲ್ಲರೂ ಎಡವುವುದು ಇಲ್ಲೇ. ಮೊನ್ನೆಯ ಆಟ ನೋಡಿ: ಬಿಳಿ ಪ್ಯಾದೆ ಇ4, ಕರಿ ಪ್ಯಾದೆ ಇ5. ಬಿಳಿ ಒಂಟೆ ಸಿ4, ಕರಿ ಕುದುರೆ ಸಿ6. ಬಿಳಿ ವಜೀರ (ಕ್ವೀನ್) ಎಚ್5ಕ್ಕೆ ಬಂತು. ಕರಿ ಆಡುತ್ತಿದ್ದ ಹುಡುಗ ಇನ್ನೊಂದು ಕುದುರೆಯನ್ನು ಎಫ್6ಕ್ಕೆ ಇಟ್ಟ. ವಜೀರ ಎಫ್7ರ ಪ್ಯಾದೆ ಹೊಡೆಯಿತು, ಆಟ ಮುಗಿಯಿತು.

"ವಜೀರಗ ಹೊಡೀಲಾಕ ಕುದುರಿ ಇಟ್ಟಿದ್ನಿ ಸರ್, ನನಗೇ ಮಾತ್ ಆಯ್ತು. ಇನ್ನ ಕುದುರಿ ಅಲ್ಲಿ ಇಡಂಗಿಲ್ಲ" ಅಂದ.

ಅವನು ಕಲಿತ ಪಾಠವೇ ತಪ್ಪು. ಕಾಯಿಗಳನ್ನು ಹಿಂದಕ್ಕೆ ಇಡಿಸಿ, ಎಚ್5ರಿಂದ ಬೆರಳು ಎಳೆಯಲು ಹೇಳಿದೆ. ಒಂದು ಗೆರೆ ಜಿ6 ದಾಟಿ ಎಫ್7ಕ್ಕೆ. ಸಿ4ರ ಒಂಟೆಯ ಗೆರೆಯೂ ಅಲ್ಲಿಗೇ. ಆಟದ ಶುರುವಿನಲ್ಲಿ ಎಫ್7ನ್ನು ಕಾಯುವುದು ರಾಜನೊಬ್ಬನೇ. ಕುದುರೆಯ ಬದಲು ಜಿ ಪ್ಯಾದೆಯನ್ನು ಜಿ6ಕ್ಕೆ ತಂದರೆ ದಾರಿ ಮುಚ್ಚುತ್ತದೆ, ವಜೀರವೂ ಏಳಬೇಕಾಗುತ್ತದೆ. ಅದು ಎಫ್3ಕ್ಕೆ ಹೋಗಿ ಮತ್ತೆ ಎಫ್7ನ್ನು ನೋಡಿತೇ? ಈಗ ಇಡಿ ಕುದುರೆಯನ್ನು ಎಫ್6ಕ್ಕೆ! ಒಂದು ನಡೆಯ ಹಿಂದೆ ಸೋಲಿಸಿದ ಮನೆಯೇ ಈಗ ಕಾಯುತ್ತದೆ. ಆದರೆ ಸಿ6ರಲ್ಲಿ ಕುದುರೆ ಇಲ್ಲದಾಗ ಜಿ6 ಆಡಬೇಡಿ. ವಜೀರ ಇ5ರ ಪ್ಯಾದೆ ಹೊಡೆದು ಶಹ (ಚೆಕ್) ಕೊಟ್ಟು, ಮುಂದಿನ ನಡೆಗೆ ಎಚ್8ರ ಆನೆಯನ್ನೂ ಹೊಡೆಯುತ್ತದೆ.

ಆದ್ದರಿಂದ ಪ್ರತಿ ನಡೆಯ ಪಕ್ಕದಲ್ಲಿ, ಎದುರಾಳಿ ಇಟ್ಟ ಕಾಯಿ ಎಲ್ಲಿಗೆ ನೋಡುತ್ತಿದೆ ಎಂದು ಬರೆಯಿರಿ. ಕಂಪ್ಯೂಟರ್ ಕ್ಷಣದಲ್ಲಿ ತಪ್ಪು ತೋರಿಸುತ್ತದೆ, ನಿಜ. ನಿಮ್ಮ ಊಹೆ ಬರೆಯುವವರೆಗೆ ಅದನ್ನು ತೆರೆಯಬೇಡಿ. ನಾಲ್ಕೇ ನಡೆಯಲ್ಲಿ ಗೆಲ್ಲಿಸುವ ವಿಡಿಯೊಗಳನ್ನಂತೂ ನೋಡಲೇಬೇಡಿ.

ಮೂರನೆಯದು ಕಾಯಿ ಹೊರತರುವ ಕ್ರಮ, ಸುಲಭ: ನಡುವಿನ ಪ್ಯಾದೆ, ಕುದುರೆಗಳು, ಒಂಟೆಗಳು, ಆಮೇಲೆ ಕ್ಯಾಸ್ಲಿಂಗ್ (ರಾಜ ಆನೆಯತ್ತ ಎರಡು ಮನೆ ಸರಿದು, ಆನೆ ಅವನನ್ನು ದಾಟಿ ಪಕ್ಕಕ್ಕೆ ಬರುವ ನಡೆ). ವಜೀರ ಕೊನೆಗೆ.

ಅಜ್ಜನಿಂದ ಹಳೆಯ ದೇಸಿ ಪದ್ಧತಿ ಕಲಿತವರಿಗೆ ಇನ್ನೊಂದು ತೊಡಕು. ಅದರಲ್ಲಿ ಪ್ಯಾದೆ ಮೊದಲ ಸಲವೂ ಒಂದೇ ಮನೆ ನಡೆಯುತ್ತದೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಕಲಿತದ್ದೂ ದೇಸಿ ಆಟವನ್ನೇ. ಆರಂಭದ ನಡೆಗಳು ಅವರಿಗೆ ಕೊನೆವರೆಗೂ ಕಷ್ಟವಾಗಿದ್ದವು, ಆದರೂ 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಅಂಥ ಮಕ್ಕಳನ್ನು ಗದರಿಸಬೇಡಿ, ಎರಡು ವಾರ ಕೊಡಿ.

ಹತ್ತು ಆಟವಾದ ಮೇಲೆ ನೋಟ್‌ಬುಕ್ ತಿರುವಿ, ಮರುಕಳಿಸಿದ ತಪ್ಪಿಗೆ ಕೆಂಪು ಗೆರೆ ಎಳೆಯಿರಿ. ನಮ್ಮ ಹುಡುಗನ ಪುಟದಲ್ಲಿ ಎಫ್7 ನಾಲ್ಕು ಸಲ ಬಂದಿತ್ತು.